ಎರಡು ಲೋಟಗಳ ಒಗಟು

ಹೊಳಲ್ಕೆರೆ ಸೀಮೆಯ ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರಗಳ ರಾತ್ರಿ ಲಿಂಗಪೂಜೆ, ಪ್ರಸಾದಗಳಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂಡಿ ಕುಳಿತುಕೊಳ್ಳುವುದು ರೂಢಿ. ಅದನ್ನು ಶಿವಾನುಭವ ಗೋಷ್ಠಿಯೆಂದು ಕರೆದರೂ ಗೋಷ್ಠಿಗಿಂತ ಹರಟೆಯೇ ಹೆಚ್ಚು. ನಮ್ಮ ಮನೆಯವರು ಹೇಳುವ ಒಗಟಿನಿಂದ ಆರಂಭ. ಮುಂದೆಲ್ಲ ಮಕ್ಕಳ ಪ್ರಶ್ನೆಗಳು. ದೀಪ ಆರಿದಾಗ ಬೆಳಕು ಎಲ್ಲಿಗೆ ಹೋಗುತ್ತದೆ? ಕನಸಿನಲ್ಲಿ ಉಂಡವನಿಗೆ ಬೆಳಿಗ್ಗೆ ಹಸಿವೇಕೆ? ನಗುನಗುತ್ತ ಕೇಳಿದ ಇಂಥ ಮಾತುಗಳಿಗೆ ಹಿರಿಯರೂ ತಡವರಿಸುವುದುಂಟು.

ಆಟದ ಮಾತಿನಲ್ಲಿ ತತ್ತ್ವವನ್ನು ಅಡಗಿಸುವುದು ಶರಣರಿಗೆ ಹೊಸದಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನಗಳು ಮೇಲುನೋಟಕ್ಕೆ ಒಗಟುಗಳೇ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶೂನ್ಯಸಂಪಾದನೆಯನ್ನು ಹೆಣೆದಾಗ ಶರಣರ ವಚನಗಳನ್ನು ಸಂವಾದದ ರೂಪದಲ್ಲಿಯೇ ಜೋಡಿಸಿದರು. ಅಲ್ಲಿ ಪ್ರಭುದೇವರು ಅಕ್ಕಮಹಾದೇವಿಯವರನ್ನು ಪರೀಕ್ಷಿಸುತ್ತಾರೆ; ಕೆರೆ ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮರನ್ನೂ ಬಿಡುವುದಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನಾದರೋ ಪ್ರಭುಗಳ ಮಾತನ್ನೇ ಸುಲಭವಾಗಿ ಒಪ್ಪದೆ ಮರುಪ್ರಶ್ನೆ ಹಾಕುತ್ತಾಳೆ.

2019ರ ಆಗಸ್ಟ್‌ನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ‘ಮತ್ತೆ ಕಲ್ಯಾಣ’ ಅಭಿಯಾನವನ್ನು ಕೈಗೊಂಡಿದ್ದರು. ನಾಡಿನ ಹಲವೆಡೆ ವಿದ್ಯಾರ್ಥಿಗಳೊಡನೆ ಸಂವಾದಗಳೂ ನಡೆದವು. ಪ್ರೌಢಶಾಲೆಯಲ್ಲಿದ್ದ ನಮ್ಮ ಮೊಮ್ಮಗಳು ಆ ಸುದ್ದಿಯನ್ನು ಆಸಕ್ತಿಯಿಂದ ಓದುತ್ತಿದ್ದಳು. ಅದೇ ಶ್ರಾವಣದ ಒಂದು ಸೋಮವಾರ ನಾವು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿ ಮುಗಿಸಿದ್ದೆವು. ಒಡನೆಯೇ ಆಕೆ ಒಂದು ಒಗಟನ್ನು ಮುಂದಿಟ್ಟಳು.

“ಒಂದೇ ಮನೆ, ಒಂದೇ ಕೊಡದ ನೀರು. ಒಂದು ಲೋಟ ಒಳಗೆ, ಇನ್ನೊಂದು ಹೊರಗೆ. ಏನದು?”

ಒಬ್ಬ ಉಸಿರೆಂದ, ಮತ್ತೊಬ್ಬ ಕಣ್ಣೆಂದ. ನಾವೂ ನಗುತ್ತ ಜೀವಾತ್ಮ, ಪರಮಾತ್ಮ ಎಂದೆವು. ಆಕೆ ನಗಲಿಲ್ಲ. ಹಿತ್ತಿಲ ಗೋಡೆಯ ಗೂಡಿನತ್ತ ಕೈ ತೋರಿದಳು. ಅಲ್ಲಿ ತೋಟದ ಕೆಲಸಕ್ಕೆ ಬರುವ ಹೆಣ್ಣುಮಗಳ ಲೋಟ ಬೋರಲಾಗಿತ್ತು.

“ಅದು ಹಿಂದಿನಿಂದ ಬಂದ ರೂಢಿ. ಅವಳೇ ಒಳಗೆ ಬರುವುದಿಲ್ಲ” ಎಂದೆವು.

“ನಾವು ಯಾವತ್ತಾದರೂ ಕರೆದಿದ್ದೀವಾ ತಾತ?”

ಉತ್ತರ ತಿಳಿದಿತ್ತು. ಅದನ್ನು ಹೇಳುವ ಬದಲು ದೊಡ್ಡವರೆದುರು ಹೀಗೆ ಮಾತನಾಡಬಾರದೆಂದು ಗದರಿಸಿಬಿಟ್ಟೆವು. ಗೋಷ್ಠಿ ಅಲ್ಲಿಗೇ ಮುರಿಯಿತು. ಮಗು ಕಣ್ಣೊರೆಸಿಕೊಂಡು ಒಳಗೆ ಹೋಯಿತು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಪ್ರಶ್ನಿಸಿದರು. ಮಾರಯ್ಯನವರು ಗಂಡನೆಂಬ ಹಮ್ಮಿನಿಂದ ವಾದಕ್ಕೆ ನಿಲ್ಲಲಿಲ್ಲ; ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬಂದರು. ಅವರ ಉತ್ತರ ನಾಲಗೆಯಿಂದ ಬರಲಿಲ್ಲ, ನಡೆಯಿಂದ ಬಂದಿತು. ಆ ಕಥೆಯನ್ನು ಎಷ್ಟೋ ಶ್ರಾವಣಗಳಲ್ಲಿ ಹೇಳಿದ್ದ ನಮಗೆ, ಅಕ್ಕಿಯ ಜಾಗದಲ್ಲಿ ಲೋಟವಿದ್ದಾಗ ಅದರ ಗುರುತೇ ಸಿಗಲಿಲ್ಲ.

ಬೆಳಿಗ್ಗೆ ಮೊಮ್ಮಗಳನ್ನು ಕರೆದು, “ತಪ್ಪು ನಮ್ಮದು, ಮಗಳೇ” ಎಂದೆವು. ಗೂಡಿನ ಲೋಟ ಒಳಗೆ ಬಂದು ಉಳಿದ ಲೋಟಗಳೊಡನೆ ಬೆರೆಯಿತು. ಆ ಹೆಣ್ಣುಮಗಳು ಬಂದಾಗ ಪಡಸಾಲೆಗೆ ಕರೆದು ನಾವು ಕುಡಿಯುವ ಲೋಟದಲ್ಲಿಯೇ ನೀರು ಕೊಟ್ಟೆವು. ಆಕೆ ಹೊಸ್ತಿಲ ಬಳಿಯೇ ನಿಂತು, ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಹೊಯ್ದುಕೊಂಡು ಕುಡಿದಳು. ಬಳಿಕ ತಾನೇ ತೊಳೆದು ಬೋರಲಿಟ್ಟಳು.

ಹಿಂದಿನ ರಾತ್ರಿ ಮೊಮ್ಮಗಳ ಮಾತು ನಾಟಿದ್ದಕ್ಕಿಂತ ಇದು ಆಳವಾಗಿ ನಾಟಿತು. ಲೋಟದ ಸ್ಥಳ ಬದಲಿಸಲು ಒಂದು ಗಳಿಗೆ ಸಾಕು. ನಾವು ತಲೆತಲಾಂತರದಿಂದ ಬೆಳೆಸಿದ ಅಂಜಿಕೆ ಒಂದು ಗುಟುಕಿಗೆ ಕರಗದು. ಆಕೆ ಕುಳಿತು, ತುಟಿಗಿಟ್ಟು ನೀರು ಕುಡಿಯಲು ಮತ್ತೊಂದು ಶ್ರಾವಣ ಬರಬೇಕಾಯಿತು.

ಮನೆಗಳಲ್ಲಿ ಗೋಷ್ಠಿ ನಡೆಸುವ ಶರಣಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳು ಆಟಕ್ಕೆ ಕೇಳಲಿ, ಬೇಸರಕ್ಕೆ ಕೇಳಲಿ, ಬಾಯಿ ಮುಚ್ಚಿಸಬೇಡಿ. ದೀಪದ ಬೆಳಕು ಎಲ್ಲಿಗೆ ಹೋಯಿತೆಂದು ಕೇಳುವ ಮಗುವೇ ನಾಳೆ ನಮ್ಮ ಮನೆಯ ಕತ್ತಲು ಎಲ್ಲಿದೆಯೆಂದು ತೋರಿಸುವುದು.