ಕಾವಿನ ಬಣ್ಣ

ಬಸವನ ಬಾಗೇವಾಡಿ ಸೀಮೆಯ ಹೂವಿನ ಹಿಪ್ಪರಗಿಯಲ್ಲಿ ಒಬ್ಬ ಮುದುಕ ಕಂಬಾರನಿದ್ದಾನೆ. ಹಿಂಗಾರಿಯ ಬಿತ್ತಿಗೆಗೆ ಮೊದಲು ಕುಡಗಳನ್ನು ಹಣಿಯುವಾಗ ಆತನು ಕುಲುಮೆಯ ಮೇಲೆ ಬಿಸಿಲು ಬೀಳಗೊಡುವುದಿಲ್ಲ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣವು ಕಣ್ಣನ್ನು ಮೋಸಗೊಳಿಸುವುದೆಂಬುದು ಆತನ ಅನುಭವ. ಆತನ ಮೊಮ್ಮಗನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮಾಡುವ ಉದ್ಯೋಗವಾದರೂ ಕಾದ ಲೋಹದ ಬಣ್ಣವನ್ನು ನೋಡುತ್ತ ಕೂಡುವುದೇ.

ಅಲ್ಲಿ ಸುತ್ತಿಗೆಯಿಲ್ಲ. ಹಿಟ್ಟಿನಂತಹ ಲೋಹದ ಪುಡಿಯನ್ನು ಒಂದು ಅಲಗು ಮಿಲಿಮೀಟರಿನ ನೂರರಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ ಹರವುತ್ತದೆ. ಲೇಸರ್ ಕಿರಣವು ಬೇಕಾದಲ್ಲಿ ಮಾತ್ರ ಅದನ್ನು ಕರಗಿಸುತ್ತದೆ. ಮತ್ತೆ ಪುಡಿ, ಮತ್ತೆ ಕಿರಣ. ಇಸ್ರೋ ಸಂಸ್ಥೆಯು 2024ರ ಮೇ 9ರಂದು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿದ ಪಿ.ಎಸ್. 4 ಎಂಜಿನನ್ನು ವಿಪ್ರೊ 3ಡಿ ಸಂಸ್ಥೆಯು ಈ ರೀತಿಯಿಂದಲೇ ನಿರ್ಮಿಸಿತ್ತು. 14 ಬಿಡಿಭಾಗಗಳು ಒಂದಾಗಿ, 19 ಬೆಸುಗೆಗಳು ಇಲ್ಲವಾದವು. 565 ಕಿಲೋ ಲೋಹದ ಬದಲು 13.7 ಕಿಲೋ ಪುಡಿ ಸಾಕಾಯಿತು.

ಆದರೆ ಆರ್ಗಾನ್ ತುಂಬಿದ ಆ ಪೆಟ್ಟಿಗೆಯಲ್ಲಿ ಕೈಯಾಡಿಸುವಂತಿಲ್ಲ. ಆದುದರಿಂದ ಕ್ಯಾಮರಾ ಪ್ರತಿಯೊಂದು ಪದರಿಗೆ ಎರಡು ಚಿತ್ರ ತೆಗೆಯುತ್ತದೆ: ಪುಡಿ ಹರವಿದ ಮೇಲೊಂದು, ಕರಗಿಸಿದ ಮೇಲೊಂದು. ಬೇರೊಂದು ಸಾಧನವು ಕರಗಿದ ಹನಿಯ ಹೊಳಪನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ಹೊಳಪಿನಿಂದ ಕಾವನ್ನು ಎಣಿಸುವ ಗಣಿತವನ್ನು ಮ್ಯಾಕ್ಸ್ ಪ್ಲಾಂಕ್ ಎಂಬ ಜರ್ಮನ್ ಪಂಡಿತನು 1900ರಲ್ಲಿ ಕೊಟ್ಟನು. ಆದರೂ ಒಂದೇ ಕಾವಿನಲ್ಲಿ ನುಣುಪು ಮೈಗಿಂತ ಒರಟು ಮೈ ಹೆಚ್ಚು ಹೊಳೆಯುವುದರಿಂದ, ಚಿತ್ರದಿಂದ ನಂಬಿಕೆಯಾಗಿ ತಿಳಿಯುವುದು ಡಿಗ್ರಿಯಲ್ಲ; ನೆರೆಯ ಎಡೆಗಿಂತ ಇಲ್ಲಿ ಹೆಚ್ಚೋ ಕಡಿಮೆಯೋ ಎಂಬುದಷ್ಟೆ. ಅಜ್ಜನಿಗೂ ಗೊತ್ತಿರುವುದು ಅಷ್ಟೇ. ಡಿಗ್ರಿಯ ಗೊಡವೆ ಆತನಿಗೆಂದೂ ಬಿದ್ದಿಲ್ಲ.

ಒಂದು ರಾತ್ರಿಪಾಳಿಯಲ್ಲಿ ಮೊಮ್ಮಗನು ಚಿತ್ರದೊಳಗೊಂದು ಚುಕ್ಕೆಯನ್ನು ಕಂಡನು. ಸಿಡಿದ ಲೋಹದ ಕಣವೊಂದು ಪುಡಿಯ ಮೇಲೆ ಬಿದ್ದಿರಬೇಕು. ಯಂತ್ರವನ್ನು ನಿಲ್ಲಿಸಿದರೆ ವಸ್ತು ಆರಿ, ನಿಂತ ಪದರಿನಲ್ಲಿ ಗೆರೆ ಉಳಿಯಬಹುದು. ನಿಲ್ಲಿಸದಿದ್ದರೆ ದೋಷ ತಾನಾಗಿ ಮುಚ್ಚಿಹೋಗಲೂಬಹುದು; ಏಕೆಂದರೆ ಕಿರಣವು ಮೇಲಿನ ಪದರಿನೊಡನೆ ಕೆಳಗಿನದನ್ನೂ ಮತ್ತೆ ಕರಗಿಸುತ್ತದೆ. ಆತನು ಎರಡನೆಯದನ್ನು ನಂಬಿದನು. ಮುಂದಿನ ಚಿತ್ರಗಳೂ ಚೊಕ್ಕಟವಾಗಿದ್ದವು. ಕೊನೆಗೆ ಕ್ಷ-ಕಿರಣ ಪರೀಕ್ಷೆಯಲ್ಲಿ ಅದೇ ಎಡೆಗೆ ಕರಗದ ಪುಡಿಯ ಪೊಳ್ಳು ಕಂಡಿತು. ಮೂರು ದಿನಗಳ ಕೆಲಸ ಗುಜರಿಗೆ ಹೋಯಿತು.

ಮಹಾನವಮಿಯ ಸೂಟಿಗೆ ಊರಿಗೆ ಬಂದವನು ಅಜ್ಜನ ಮುಂದೆ ಇದನ್ನೆಲ್ಲ ಹೇಳಿಕೊಂಡನು.

“ಚುಕ್ಕಿ ನಿನ್ನ ಕಣ್ಣಿಗೆ ಬಿದ್ದಿತ್ತೋ ಇಲ್ಲೋ?”

“ಬಿದ್ದಿತ್ತಜ್ಜಾ.”

“ಯಾರಿಗರೆ ಹೇಳಿದ್ದೇನು?”

“ಇಲ್ಲ.”

ಮುದುಕನು ಮತ್ತೇನೂ ಅನ್ನದೆ ತಿದಿಯನ್ನೊತ್ತಲು ಆತನನ್ನು ಕೂಡ್ರಿಸಿದನು. ಹಣಿಯಬೇಕಾದ ಕುಡಗಳು ಇನ್ನೂ ಐದಾರಿದ್ದವು. ಬೆಂಗಳೂರಿಗೆ ಮರಳಿದ ಮೇಲೆ ಹುಡುಗನು ಕಂಡ ಪ್ರತಿ ಚುಕ್ಕೆಯನ್ನೂ ಪದರಿನ ಅಂಕೆಯೊಡನೆ ಪಾಳಿಯ ವಹಿಯಲ್ಲಿ ಬರೆದಿಡುತ್ತಿದ್ದಾನೆ. ಅವುಗಳಲ್ಲಿ ಬಹಳಷ್ಟು ಏನೂ ಅಲ್ಲವೆಂದು ಆಮೇಲೆ ತಿಳಿಯುತ್ತದೆ. ಜೊತೆಯವರು ನಗುವುದೂ ಉಂಟು.