ಮೊದಲು ಗಿಬ್ಬು, ಆಮೇಲೆ ಬೇರಿಂಗು

ಹರಿಹರ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ, ನಿನ್ನ ಪುಟ್ಟ ಲೇತಿನ ವಿಡಿಯೋ ನೋಡಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಟೂಲು ಜಾಬಿಗೆ ತಾಗಿದ ಕೂಡಲೇ ಕಿರ್ರ್ ಅಂತ ಅಳುತ್ತದಲ್ಲ, ಅದೇ ಚ್ಯಾಟರ್. ಜೊತೆಗೆ ನಿನ್ನ ಪಟ್ಟಿಯನ್ನೂ ಓದಿದೆ: ಟೇಪರ್ ಬೇರಿಂಗ್, ಲೋಹದ ಗಿಯರ್, ಬ್ರಷ್‌ಲೆಸ್ ಮೋಟರ್, ಡಿಜಿಟಲ್ ರೀಡೌಟ್. ಇಷ್ಟೂ ತರಿಸಿದರೆ ಲೇತಿನಷ್ಟೇ ದುಡ್ಡು ಮತ್ತೊಮ್ಮೆ ಹೋಗುತ್ತೆ ಕಣೆ. ಪಟ್ಟಿಯನ್ನು ಸದ್ಯಕ್ಕೆ ಮಡಚಿಡು.

1941ರಲ್ಲಿ ಲೇತು ಕಂಪನಿ ಮೈಸೂರು ಕಿರ್ಲೋಸ್ಕರ್ ಶುರುವಾದ ಊರು ನಮ್ಮದು. ಲೇತು ಅಂದರೆ ಕ್ರೇನ್ ಇಲ್ಲದೆ ಕದಲದ ಕಬ್ಬಿಣ ಅಂತಲೇ ಕಂಡು ಬೆಳೆದವರು ನಾವು. ಅಂಥ ಲೇತಿನಲ್ಲಿ ನಡುಕವನ್ನು ತೂಕವೇ ನುಂಗಿಬಿಡುತ್ತದೆ. ನಿನ್ನದು ಎಲ್ಲ ಸೇರಿ ಸುಮಾರು 40 ಕಿಲೋ. ಇಲ್ಲಿ ತೂಕದ ಕೆಲಸವನ್ನು ಬಿಗಿಯೇ ಮಾಡಬೇಕು, ಎಲ್ಲೂ ಪ್ಲೇ ಇರಕೂಡದು. ಒಂದೇ ನಮೂನೆಯ ಈ ಪುಟ್ಟ ಲೇತು ಚೀನಾದಿಂದ ಹತ್ತಾರು ಬಣ್ಣ, ಹತ್ತಾರು ಹೆಸರಿನಲ್ಲಿ ಬರುತ್ತದೆ. ಯಾವುದನ್ನೇ ಕೊಂಡರೂ ಆ ಬೆಲೆಯಲ್ಲಿ ಫಿಟ್ಟರ್ ಕೂಲಿ ಸೇರಿಲ್ಲ. ಆ ಫಿಟ್ಟರ್ ಕೆಲಸ ಈಗ ನಿನ್ನ ಪಾಲಿಗೆ ಬಂದಿದೆ, ಅಷ್ಟೆ.

ಮೊದಲು ಒಂದು ಪರೀಕ್ಷೆ. ಡಯಲ್ ಗೇಜಿನ ಮ್ಯಾಗ್ನೆಟ್ಟನ್ನು ಬೆಡ್ ಮೇಲೆ ಕೂರಿಸಿ, ಗೇಜಿನ ಮೊನೆಯನ್ನು ಟೂಲ್ ಪೋಸ್ಟಿಗೆ ತಾಗಿಸು. ಈಗ ಟೂಲ್ ಪೋಸ್ಟ್ ಹಿಡಿದು ಕೈಯಲ್ಲೇ ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸು. ಬರೀ ಕೈಬಲಕ್ಕೇ ಮುಳ್ಳು 0.1 ಮಿ.ಮೀ. ಓಡಾಡಿದರೆ, ಬಂಗಾರದ ಬೇರಿಂಗ್ ಹಾಕಿದರೂ ಆ ಸದ್ದು ನಿಲ್ಲುವುದಿಲ್ಲ.

ಆಮೇಲೆ ಕ್ರಾಸ್ ಸ್ಲೈಡ್ ಬಿಚ್ಚು. ಪಕ್ಕದ ಸಂದಿಯಲ್ಲಿರುವ ಉದ್ದ ಪಟ್ಟಿಯೇ ಗಿಬ್. ಬೆಳಕಿಗೆ ಹಿಡಿದು ನೋಡು: ಕಟರ್ ಗೆರೆಗಳು ಹಾಗೇ ಇರುತ್ತವೆ, ಅಂಚು ಬೆರಳು ಕೊಯ್ಯುವಷ್ಟು ಚೂಪಾಗಿರುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಹಾಳೆ ಹಾಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಮೆಲ್ಲಗೆ ಉಜ್ಜು. ಎರಡು ತುದಿ ಮಾತ್ರ ಹೊಳೆದು ನಡುವೆ ಮಂಕಾಗಿ ಉಳಿದರೆ ಪಟ್ಟಿ ಬಾಗಿದೆ ಎಂದರ್ಥ. ಹೊಳಪು ಉದ್ದಕ್ಕೂ ಹರಡುವವರೆಗೆ ಉಜ್ಜುತ್ತಿರು. ಹಿಂಬದಿಯಲ್ಲಿ ಸ್ಕ್ರೂ ಒತ್ತಿದ ಗುರುತು ಕಾಣುತ್ತದೆ. ಆ ಗುರುತಿನ ಮೇಲೆ ಡ್ರಿಲ್ಲಿನಿಂದ ಸಣ್ಣ ಗುಳಿ ಮಾಡಿದರೆ ಸ್ಕ್ರೂ ತುದಿ ಅಲ್ಲೇ ಕೂರುತ್ತದೆ, ಗಿಬ್ ಜಾರುವುದಿಲ್ಲ. ವಾಪಸ್ ಹಾಕಿ ಒಂದೊಂದೇ ಸ್ಕ್ರೂ ಬಿಗಿ ಮಾಡುತ್ತಾ ಬಾ. ಲಾಕ್ ನಟ್ ತಿರುಗಿಸುವಾಗ ಸ್ಕ್ರೂವನ್ನು ಆಲೆನ್ ಕೀಯಿಂದ ಹಿಡಿದೇ ಇರಬೇಕು. ಇಲ್ಲದಿದ್ದರೆ ನಟ್ಟಿನ ಜೊತೆ ಅದೂ ತಿರುಗಿ ಮಾಡಿದ್ದೆಲ್ಲ ಕೆಡುತ್ತದೆ. ಸ್ಲೈಡ್ ಈ ತುದಿಯಿಂದ ಆ ತುದಿಗೆ ಒಂದೇ ಭಾರದಲ್ಲಿ ಹೋಗಬೇಕು. ಒಂದು ಕಡೆ ಹಗುರ, ಇನ್ನೊಂದು ಕಡೆ ಬಿಗಿ ಅನಿಸಿದರೆ ಮತ್ತೆ ಬಿಚ್ಚು.

ಸ್ಯಾಡಲಿನ ಕೆಳಗೆ, ಬೆಡ್ಡನ್ನು ಅಡಿಯಿಂದ ಹಿಡಿಯುವ ಪಟ್ಟಿಗಳೂ ಇವೆ. ಅಲ್ಲಿ ಒಂದು ಸ್ಕ್ರೂ ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ತಾಳ್ಮೆಗೆಡಿಸುವ ಕೆಲಸ, ಭಾನುವಾರಕ್ಕೆ ಇಟ್ಟುಕೋ.

ಟೂಲಿನ ಎತ್ತರ ನೋಡಿದ್ದೀಯಾ? ರೌಂಡ್ ರಾಡಿಗೂ ಟೂಲಿನ ತುದಿಗೂ ನಡುವೆ ಸಣ್ಣ ಸ್ಟೀಲ್ ಸ್ಕೇಲ್ ಹಿಡಿದು ಹಗುರವಾಗಿ ಒತ್ತು. ಸ್ಕೇಲ್ ನೆಟ್ಟಗೆ ನಿಂತರೆ ಸೆಂಟರ್ ಸರಿ. ತಲೆ ನಿನ್ನ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಇನ್ನು ಆ ಕಾರ್ಬೈಡ್ ಟೂಲುಗಳ ಸೆಟ್ಟನ್ನು ಪಕ್ಕಕ್ಕಿಡು. ಸಣ್ಣ ಮೋಟರಿಗೆ ಚೆನ್ನಾಗಿ ಹರಿತ ಮಾಡಿದ ಹೈ ಸ್ಪೀಡ್ ಸ್ಟೀಲ್ ಟೂಲೇ ವಾಸಿ.

ಈಗ ಬೇರಿಂಗಿಗೆ ಬರೋಣ. ಚಕ್ಕಿನಲ್ಲಿ ಹಿಡಿದ ರಾಡ್ ತಿರುಗುವಾಗ 0.1 ಮಿ.ಮೀ. ಆಡುತ್ತಿದೆ ಅಂತ ಗಾಬರಿಯಾಗಿದ್ದೀಯ. ಅದು ಮೂರು ಜಾ ಚಕ್ಕಿನ ಆಟ ಇರಬಹುದು, ಸ್ಪಿಂಡಲನ್ನು ಯಾಕೆ ಬೈಯುತ್ತೀ? ಚಕ್ ಕಳಚಿ ಸ್ಪಿಂಡಲಿನ ಒಳಗಿನ ಟೇಪರಿಗೇ ಗೇಜಿನ ಮೊನೆ ತಾಗಿಸಿ ನೋಡು. ಅಲ್ಲಿ ಸರಿಯಿದ್ದರೆ ಬೇರಿಂಗ್ ಮುಟ್ಟಬೇಡ. ಸರಿಯಿಲ್ಲದಿದ್ದರೆ, ಈ ಲೇತುಗಳಲ್ಲಿ ಸಾಮಾನ್ಯವಾಗಿ ಇರುವುದು 6206 ಬಾಲ್ ಬೇರಿಂಗ್, ಅಗಲ 16 ಮಿ.ಮೀ. ಎಲ್ಲರೂ ಹೇಳುವ ಟೇಪರ್ 30206ರ ಅಗಲ 17.25. ಆ ಒಂದೂಕಾಲು ಮಿಲಿಮೀಟರಿಗಾಗಿ ಸ್ಪೇಸರ್ ಕಡಿಮೆ ಮಾಡಬೇಕು; ನಿನ್ನ ಲೇತು ಬಿಚ್ಚಿ ಬಿದ್ದಿರುವಾಗ ಸ್ಪೇಸರ್ ಕತ್ತರಿಸಲು ಇನ್ನೊಂದು ಲೇತನ್ನು ಎಲ್ಲಿಂದ ತರುತ್ತೀ? 7206 ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗಿನ ಅಗಲವೂ 16, ಹಾಗೇ ಕೂರುತ್ತದೆ. ಸ್ಪಿಂಡಲಿನ ಎರಡೂ ಬೇರಿಂಗುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕೂರಿಸಬೇಕು. ನಟ್ ಬಿಗಿ ಮಾಡಿ ಅರ್ಧ ಗಂಟೆ ಓಡಿಸಿ ಹೆಡ್‌ಸ್ಟಾಕ್ ಮುಟ್ಟಿ ನೋಡು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಸ್ವಲ್ಪ ಸಡಿಲ ಬಿಡು.

ಪ್ಲಾಸ್ಟಿಕ್ ಗಿಯರ್ ಒಡೆದದ್ದಕ್ಕೆ ನಿನಗೆ ಬೇಜಾರು, ನನಗೇನೂ ಇಲ್ಲ. ಪಾರ್ಟಿಂಗ್ ಟೂಲ್ ಕಚ್ಚಿಕೊಂಡಾಗ ಏನಾದರೊಂದು ಒಡೆಯಲೇಬೇಕಿತ್ತು. ಉಕ್ಕಿನ ಗಿಯರ್ ಇದ್ದಿದ್ದರೆ ಆ ಪೆಟ್ಟು ಕೀಗೋ ಮೋಟರಿನ ಕಂಟ್ರೋಲ್ ಬೋರ್ಡಿಗೋ ಹೋಗುತ್ತಿತ್ತು. ಅದೇ ಪ್ಲಾಸ್ಟಿಕ್ ಗಿಯರ್ ಒಂದು ಜೊತೆ ಹೆಚ್ಚಿಗೆ ತರಿಸಿಟ್ಟುಕೋ. ಆ ಬೋರ್ಡಿನ ಪೆಟ್ಟಿಗೆಯ ಸಂದಿಗಳನ್ನೂ ಮುಚ್ಚು, ಲೋಹದ ಚೂರು ಒಳಗೆ ಬಿದ್ದರೆ ಬೋರ್ಡ್ ಸುಡುತ್ತದೆ.

ಪಾರ್ಟಿಂಗ್ ಮಾಡುವಾಗ ಸ್ಯಾಡಲ್ ಜಾರದಂತೆ ಹಿಡಿಯಬೇಕು, ಆದರೆ ಈ ನಮೂನೆಯಲ್ಲಿ ಸಾಮಾನ್ಯವಾಗಿ ಅದಕ್ಕೆ ಲಾಕೇ ಕೊಟ್ಟಿರುವುದಿಲ್ಲ. ಹಾಗಾಗಿ ಲೇತಿಗೆ ನೀನು ಮಾಡುವ ಮೊದಲ ಸಾಮಾನು ಅದೇ ಆಗಲಿ. ಬೆಡ್ಡಿನ ಅಡಿಗೆ ಒಂದು ಎಂ.ಎಸ್. ತುಂಡು, ಮೇಲಿನಿಂದ ಒಂದು ಬೋಲ್ಟ್, ಮುಗಿಯಿತು. ಎರಡನೆಯದು ಟೇಲ್‌ಸ್ಟಾಕ್ ಲಿವರ್. ಪ್ರತಿಸಲ ಸ್ಪ್ಯಾನರ್ ಹುಡುಕುವುದು ತಪ್ಪಲಿ. ಅದಕ್ಕೊಂದು ಎಕ್ಸೆಂಟ್ರಿಕ್ ಪಿನ್ ಬೇಕು, ಆ ಪಿನ್ ಮಾಡಲು ನಾಲ್ಕು ಜಾ ಚಕ್ ಬೇಕು. ಅದರಲ್ಲಿ ಒಂದೊಂದು ಜಾ ಬೇರೆಬೇರೆಯಾಗಿ ಸರಿಯುವುದರಿಂದ ರಾಡನ್ನು ಬೇಕೆಂದೇ ಸೆಂಟರ್ ತಪ್ಪಿಸಿ ಹಿಡಿಯಬಹುದು, ನಿನ್ನ ಆ 0.1 ಗಾಬರಿಗೂ ಅದೇ ಮದ್ದು. ನಿನ್ನ ಪಟ್ಟಿಯಲ್ಲಿ ಅದೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ಡಿಜಿಟಲ್ ರೀಡೌಟ್ ಬೇಕೆನಿಸಿದರೆ ಮುಂದೆ ಎಂದಾದರೂ ಹಾಕಿಸಿಕೋ, ನಾನು ಬೇಡ ಅನ್ನುವುದಿಲ್ಲ. ಬ್ರಷ್‌ಲೆಸ್ ಮೋಟರಿನ ಮಾತು ಈ ವರ್ಷ ಬೇಡ. ಈಗಿನ ಮೋಟರಿನ ಕಾರ್ಬನ್ ಬ್ರಷ್ ಎಷ್ಟು ಸವೆದಿದೆ ನೋಡು, ಸಾಕು.

ಲೇತು ಇಟ್ಟಿರುವ ನಿಮ್ಮ ಬಾಲ್ಕನಿಗೆ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ. ಕೆಲಸ ಮುಗಿದ ಮೇಲೆ ಬೆಡ್ ಒರೆಸಿ 68 ನಂಬರಿನ ಸ್ಲೈಡ್‌ವೇ ಆಯಿಲ್ ಹಚ್ಚು. ತೆಂಗಿನೆಣ್ಣೆ ಹಚ್ಚುತ್ತೇನೆ ಅಂತ ಬರೆದಿದ್ದೀಯಲ್ಲ, ಅದನ್ನು ತಲೆಗೆ ಹಚ್ಚಿಕೋ. ಜಡೆ ಮೇಲಕ್ಕೆ ಕಟ್ಟು, ದುಪಟ್ಟಾ ಕೋಣೆಯಲ್ಲೇ ಇರಲಿ, ತಿರುಗುವ ಚಕ್ಕಿನ ಹತ್ತಿರ ಗ್ಲೌಸ್ ಹಾಕಲೇಬೇಡ, ಕನ್ನಡಕ ತಪ್ಪಿಸಬೇಡ. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಕೈ ತೆಗೆಯುವ ಅಭ್ಯಾಸ ನಿನಗಿದೆ, ವಿಡಿಯೋದಲ್ಲಿ ಕಂಡೆ. ಇವತ್ತಿನಿಂದ ಅದು ನಿಲ್ಲಬೇಕು. ಈ ಒಂದು ವಿಷಯದಲ್ಲಿ ನಾನು ನಿನ್ನ ಮಾವ ಅಲ್ಲ, ಫೋರ್‌ಮನ್ ಅಂತ ತಿಳಿ.

ನಾಲ್ಕು ಜಾ ಚಕ್ ನನ್ನ ಖರ್ಚಿನದು, ಬೇಡ ಅನ್ನಬೇಡ. ಮೂರು ಜಾ ಚಕ್ ಕಳಚಿದಾಗ ಸ್ಪಿಂಡಲ್ ಫ್ಲ್ಯಾಂಜಿನ ಮೆಟ್ಟಿಲಿನ ವ್ಯಾಸ, ಬೋಲ್ಟ್ ತೂತುಗಳ ಅಂತರ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಬರೆ. ಅಂದಾಜು ಬೇಡ, ಎರಡು ದಶಾಂಶ ಸ್ಥಾನದವರೆಗೆ ಬೇಕು. ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ
ಮಾವ