ಕುತುಬ್ ಮಿನಾರಿನ ಲೆಕ್ಕ

ದೆಹಲಿಯ ಸೋದರಮಾವನ ಮಗಳು ಹತ್ತನೇ ಕ್ಲಾಸು. ಗಣಿತವೆಂದರೆ ಊಟ ಬಿಟ್ಟು ಅಳುತ್ತಾಳೆ. ರಜೆಗೆ ಹೋದ ನನಗೆ ಅತ್ತೆ ಗಂಟುಹಾಕಿದರು: "ಕಾಮರ್ಸ್ ಓದ್ತೀಯಲ್ಲ, ಹೇಳ್ಕೊಡೋ."

ಪುಸ್ತಕ ಮುಚ್ಚಿಸಿ ಕುತುಬ್ ಮಿನಾರಿಗೆ ಕರೆದೊಯ್ದೆ. 1981ರ ಕಾಲ್ತುಳಿತದ ಮೇಲೆ ಒಳಗೆ ಹತ್ತಲು ಬಿಡುವುದಿಲ್ಲ, ಹೊರಗಿಂದಲೇ ಅಳೆಯಬೇಕು. ಕೋನಮಾಪಕಕ್ಕೆ ದಾರ, ದಾರಕ್ಕೊಂದು ಕಲ್ಲು. ತುದಿ 45 ಡಿಗ್ರಿಗೆ ಕಂಡಲ್ಲಿಂದ ಬುಡಕ್ಕೆ ಹೆಜ್ಜೆ ಎಣಿಸಿದಳು. ಅದಕ್ಕೆ ಬುಡದ ಅರ್ಧ ಅಗಲ 7 ಮೀಟರ್, ಕಣ್ಣಿನೆತ್ತರ ಒಂದೂವರೆ ಕೂಡಿಸಿದರೆ 71! ನಿಜವಾದ ಎತ್ತರ 72.5. "ಇಷ್ಟೇನಾ ಭಾವ?" ಅಂದಳು.

ನನ್ನ ಕನ್ನಡ ಶಾಲೆಯ 'ಸಂಭವನೀಯತೆ' ಅವಳಿಗೆ 'ಪ್ರಾಬಬಿಲಿಟಿ'. ಇಬ್ಬರಿಗೂ ತಿಳಿಯುವ ಭಾಷೆ 'ಶೋಲೆ' (1975). ನಾಣ್ಯ ಮೂರು ಸಲ ಚಿಮ್ಮಿದರೆ ಮೂರೂ ಸಲ ಹೆಡ್ ಬೀಳುವುದು ಎಂಟರಲ್ಲೊಂದು ಪಾಲು. ಎರಡೂ ಮುಖ ಒಂದೇ ಇರುವ ಜಯ್‌ನ ನಾಣ್ಯಕ್ಕೆ?

ಅವಳು ನಗಲಿಲ್ಲ. "ಒಂದು. ಅದಕ್ಕೇ ಅವನು ಸತ್ತಿದ್ದು."